ಸಿದ್ದಾಪುರದ ಬಂಡೆ ಮತ್ತು ವಿಮಾನದ ತೊಟ್ಟಿಲು

ಮೊಳಕಾಲ್ಮುರು ತಾಲ್ಲೂಕಿನ ಸಿದ್ದಾಪುರ ಚರಿತ್ರೆಯ ಪುಸ್ತಕ ಸೇರಿದ್ದು ಅಶೋಕನ ಶಾಸನದಿಂದ. 1892ರಲ್ಲಿ ಬಿ.ಎಲ್. ರೈಸ್ ಅವರು ಇಲ್ಲಿಯೂ, ನೆರೆಯ ಬ್ರಹ್ಮಗಿರಿ ಹಾಗೂ ಜಟಿಂಗರಾಮೇಶ್ವರಗಳಲ್ಲಿಯೂ ಈ ಬರಹವನ್ನು ಬೆಳಕಿಗೆ ತಂದರು. ಕ್ರಿ.ಪೂ. ಮೂರನೆಯ ಶತಮಾನದ ಈ ಪ್ರಾಕೃತ ಶಾಸನ ತಾಯಿತಂದೆಯರ ಸೇವೆ, ಜೀವದಯೆ, ಸತ್ಯಗಳನ್ನು ಬೋಧಿಸುತ್ತದೆ. ಜೊತೆಗೆ ನೆಂಟರೊಡನೆ ತಕ್ಕಂತೆ ನಡೆದುಕೊಳ್ಳಬೇಕು ಎನ್ನುತ್ತದೆ. ಇದು ಹಿಂದಿನಿಂದ ಬಂದ ರೂಢಿ ಎಂದೂ ಸೇರಿಸುತ್ತದೆ.

ಇದನ್ನು ಬರೆದವನು ಚಪಡನೆಂಬ ಲಿಪಿಕಾರ. ಶಾಸನವೆಲ್ಲ ಬ್ರಾಹ್ಮಿಯಲ್ಲಿದ್ದರೂ ತಾನು ಲಿಪಿಕಾರ ಎಂಬ ಮಾತನ್ನು ಮಾತ್ರ ಆತ ಖರೋಷ್ಠಿಯಲ್ಲಿ ಬರೆದ. ಖರೋಷ್ಠಿ ವಾಯವ್ಯ ಭಾರತದ ಲಿಪಿಯಾದ್ದರಿಂದ ಆತ ಆ ಕಡೆಯವನಿರಬೇಕೆಂದು ವಿದ್ವಾಂಸರ ಊಹೆ. ಅದು ನಿಜವಾದರೆ, ನೆಂಟರ ಬಗ್ಗೆ ಬರೆದ ಆ ಕೈ ತನ್ನ ನೆಂಟರಿಂದ ಸುಮಾರು ಎರಡು ಸಾವಿರ ಕಿ.ಮೀ. ದೂರದಲ್ಲಿತ್ತು!

ನೆಂಟಸ್ತಿಕೆಗೆ ಪ್ರಯಾಣ ಬೇಕು. ನಮ್ಮ ಕಡೆ ಚೊಚ್ಚಲ ಹೆರಿಗೆ ತವರಿನಲ್ಲಿ. ಹೀಗಾಗಿ ಮಗುವಿನ ಮೊದಲ ಪ್ರಯಾಣವೇ ಅಜ್ಜಿಯ ಮನೆಯಿಂದ ಅಪ್ಪನ ಮನೆಗೆ. ಹುಲ್ಲು ಹಾಸಿದ ಕಮಾನುಗಾಡಿಯಲ್ಲಿ ಬಾಣಂತಿಯ ಮಡಿಲೇ ಅದಕ್ಕೆ ತೊಟ್ಟಿಲು. ನಾಯಕನಹಟ್ಟಿಯ ತೇರಿಗೂ ಜನ ಮಕ್ಕಳುಮರಿಯೊಂದಿಗೆ ಗಾಡಿ ಕಟ್ಟಿಕೊಂಡು ಹೊರಡುತ್ತಿದ್ದರು.

ಈ ಸೀಮೆಯ ಹತ್ತಿರಕ್ಕೆ ವಿಮಾನ ಬಂದದ್ದು ಬಹಳ ಹಿಂದೆಯೇ. 1932ರ ಅಕ್ಟೋಬರ್‌ನಲ್ಲಿ ಜೆ.ಆರ್.ಡಿ. ಟಾಟಾ ಅವರು ಕರಾಚಿಯಿಂದ ಮುಂಬಯಿಗೆ ಅಂಚೆ ಹೊತ್ತು ತಂದರು. ಅಲ್ಲಿಂದ ನೆವಿಲ್ ವಿನ್ಸೆಂಟ್ ಅದನ್ನು ಬಳ್ಳಾರಿಯ ಮಾರ್ಗವಾಗಿ ಮದರಾಸಿಗೆ ಒಯ್ದರು. ಬಳ್ಳಾರಿ ಎಂದರೆ ಸಿದ್ದಾಪುರಕ್ಕೆ ಐವತ್ತು ಕಿ.ಮೀ. ಆಸುಪಾಸು. ಆ ಪುಟ್ಟ ವಿಮಾನ ತಂದದ್ದು ನೆಂಟರ ಕಾಗದಗಳನ್ನು, ನೆಂಟರನ್ನಲ್ಲ. 1948ರ ಜೂನ್ 8ರಂದು ಏರ್ ಇಂಡಿಯಾ ಮುಂಬಯಿಯಿಂದ ಲಂಡನ್ನಿಗೆ ಹಾರಿತು. 1960ರಲ್ಲಿ ನ್ಯೂಯಾರ್ಕ್ ಮುಟ್ಟಿತು. ಆದರೂ ಆ ದರ ತೆತ್ತು ಹಾರಬಲ್ಲವರು ಬೆರಳೆಣಿಕೆಯಷ್ಟು ಮಾತ್ರ.

1965ರಲ್ಲಿ ಅಮೆರಿಕ ತನ್ನ ವಲಸೆ ಕಾನೂನು ಸಡಿಲಿಸಿದ ಮೇಲೆ ನಮ್ಮ ವೈದ್ಯರು, ಎಂಜಿನಿಯರುಗಳು ಅತ್ತ ನಡೆದರು. 1990ರ ದಶಕದಲ್ಲಿ ಸಾಫ್ಟ್‌ವೇರ್ ತರುಣರ ಸರದಿ. ಆಗ ಹಳೆಯ ಪದ್ಧತಿ ತಲೆಕೆಳಗಾಯಿತು. ಬಾಣಂತನಕ್ಕೆ ಮಗಳು ತವರಿಗೆ ಬರುವ ಬದಲು ತವರೇ ಮಗಳಿದ್ದಲ್ಲಿಗೆ ಹಾರತೊಡಗಿತು. ಅಜ್ಜಿಯ ಸೂಟ್‌ಕೇಸಿನಲ್ಲಿ ಬಾಣಂತಿ ಖಾರದ ಪುಡಿ, ಬಜೆ, ಹತ್ತಿಯ ಕುಲಾವಿ.

ಮಗು ಊರಿಗೆ ಬರುವುದು ಅದಾದ ಮೇಲೆ. ಎರಡು ವರ್ಷ ತುಂಬದ ಕೂಸನ್ನು ಮಡಿಲಲ್ಲಿ ಕೂರಿಸಿಕೊಳ್ಳಬಹುದು. ಹೊರದೇಶದ ಹಾರಾಟದಲ್ಲಿ ಅದಕ್ಕೆ ಸಾಮಾನ್ಯವಾಗಿ ದೊಡ್ಡವರ ದರದ ಶೇ 10ರಷ್ಟು ಮಾತ್ರ. ಎರಡು ತುಂಬಿದರೆ ಬೇರೆ ಆಸನ, ಬೇರೆ ದರ. ಜವಳಕ್ಕೆ ಪಂಚಾಂಗ ನೋಡುತ್ತಿದ್ದ ಮನೆಗಳಲ್ಲಿ ಈಗ ಈ ಲೆಕ್ಕವೂ ಸೇರಿದೆ. ಮುಂದೆ ಗೋಡೆಯಿರುವ ಸಾಲಿನಲ್ಲಿ ಸಿಕ್ಕಿಸುವ ಪುಟ್ಟ ತೊಟ್ಟಿಲನ್ನೂ ಮೊದಲೇ ಕೇಳಿಟ್ಟುಕೊಳ್ಳಬೇಕು.

ವಿಮಾನ ಇಳಿಯುವಾಗ ಕೂಸುಗಳು ಚೀರುವುದೇಕೆ? ಎತ್ತರದಲ್ಲಿ ಹಾರುವಾಗ ಒಳಗಿನ ಗಾಳಿಯ ಒತ್ತಡ ಆರರಿಂದ ಎಂಟು ಸಾವಿರ ಅಡಿ ಎತ್ತರದ ಬೆಟ್ಟದ ಮೇಲಿರುವಷ್ಟೇ ಇರುತ್ತದೆ. ಇಳಿಯುವಾಗ ಅದು ಏರುತ್ತದೆ, ಕಿವಿಯ ತಮಟೆ ಒಳಕ್ಕೆ ಒತ್ತಲ್ಪಡುತ್ತದೆ. ನುಂಗಿದಾಗ ಕಿವಿಗೂ ಗಂಟಲಿಗೂ ನಡುವಣ ನಳಿಕೆ ತೆರೆದು ನೋವು ತಗ್ಗುತ್ತದೆ. ಹಿಂದೆ ಗಗನಸಖಿಯರು ಪೆಪ್ಪರಮಿಂಟು ಹಂಚುತ್ತಿದ್ದುದರ ಗುಟ್ಟು ಇದೇ. ಕೂಸಿಗೆ ಪೆಪ್ಪರಮಿಂಟು ಕೊಡುವಂತಿಲ್ಲ. ಇಳಿಯುವ ಹೊತ್ತಿಗೆ ಹಾಲೂಡಿಸಿದರೆ ಸಾಕು. ಅಜ್ಜಿಯಂದಿರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ.

ಈ ಹಾರಾಟ ಎಷ್ಟು ಅಗತ್ಯವೆಂಬುದು ತಿಳಿದದ್ದು ಅದು ನಿಂತಾಗ. ಕೊರೊನಾ ಕಾರಣದಿಂದ 2020ರ ಮಾರ್ಚ್ 23ರಂದು ನಿಂತ ನಿಯಮಿತ ಅಂತಾರಾಷ್ಟ್ರೀಯ ಹಾರಾಟ ಮತ್ತೆ ಆರಂಭವಾದದ್ದು 2022ರ ಮಾರ್ಚ್ 27ರಂದು. ನಡುವೆ ವಿಶೇಷ ವಿಮಾನಗಳಿದ್ದರೂ ಎಲ್ಲರಿಗೂ ದಕ್ಕಲಿಲ್ಲ. ನಿಂತ ವಾರ ಹುಟ್ಟಿದ ಕೂಸಿಗೆ ಅಷ್ಟರಲ್ಲಿ ಎರಡು ತುಂಬಿತ್ತು. ಅಜ್ಜ ಅದನ್ನು ಎತ್ತಿ ಆಡಿಸುವ ಕಾಲವೇ ಕಳೆದುಹೋಗಿತ್ತು. ಫೋನಿನ ಪರದೆ ಮುಖ ತೋರಿಸಿತು, ಮಡಿಲು ಕೊಡಲಿಲ್ಲ. ಅಜ್ಜಿಯ ಕನ್ನಡ ಕಿವಿಗೆ ಬೀಳದೆ ಬೆಳೆದ ಮಗುವಿಗೆ ಆ ನಷ್ಟ ಇನ್ನೂ ದೊಡ್ಡದು.

2021ರ ಜನವರಿಯಲ್ಲಿ ಮಹಿಳಾ ಪೈಲಟ್‌ಗಳೇ ನಡೆಸಿದ ಏರ್ ಇಂಡಿಯಾ ವಿಮಾನ ಸ್ಯಾನ್ ಫ್ರಾನ್ಸಿಸ್ಕೊದಿಂದ ಎಲ್ಲೂ ನಿಲ್ಲದೆ ಬೆಂಗಳೂರು ಮುಟ್ಟಿತು. ದೇವನಹಳ್ಳಿಯಲ್ಲಿ ಇಳಿದ ಕೂಸಿಗೆ ಸಿದ್ದಾಪುರ ಇನ್ನೂ ನಾಲ್ಕೈದು ತಾಸಿನ ರಸ್ತೆ. ದಾರಿಯ ಚಳ್ಳಕೆರೆಯ ಬಳಿ ರನ್‌ವೇ ಏನೋ ಇದೆ. 2017ರಲ್ಲಿ ಉದ್ಘಾಟನೆಯಾದ ರಕ್ಷಣಾ ಇಲಾಖೆಯ ಆ ಪರೀಕ್ಷಾ ಕೇಂದ್ರದಲ್ಲಿ ಹಾರುವುದು ಪೈಲಟ್‌ರಹಿತ ವಿಮಾನ. ಅದರಲ್ಲಿ ನೆಂಟರಿಗೆ ಜಾಗವಿಲ್ಲ.

ನೆಂಟರ ಮನೆಗೆ ಯಾವ ವಾಹನದಲ್ಲಿ ಹೋಗಬೇಕೆಂದು ಚಪಡ ಬರೆಯಲಿಲ್ಲ. ನಡೆದುಕೊಳ್ಳಬೇಕಾದ ರೀತಿಯನ್ನಷ್ಟೇ ಬರೆದ. ದೂರ ಎಷ್ಟೇ ಇರಲಿ, ಕೂಸನ್ನು ಹೊತ್ತು ಅಜ್ಜಿಯ ಹೊಸ್ತಿಲಿಗೆ ಬರುವವರು ಆ ಮಾತನ್ನೇ ನಡೆಸುತ್ತಿದ್ದಾರೆ.