ಸುರ್ಖಿಯಿಂದ ಹಾರುಬೂದಿಯವರೆಗೆ

ನಮ್ಮ ನವಲಗುಂದದ ಎರೆಭೂಮಿ ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಬಿರಿಯುತ್ತದೆ. ಇಲ್ಲಿ ಮನೆ ಕಟ್ಟಿಸುವವರು ಸಿಮೆಂಟಿನಲ್ಲಿ ಬೂದಿ ಬೆರೆತಿದೆ ಎಂದರೆ ಹೌಹಾರುವುದು ಸಹಜ. ಕಲಬೆರಕೆ ಎಂದೇ ಅವರ ಭಾವನೆ. ಆದರೆ ಚೀಲದ ಮೇಲಿರುವ 'ಪೊಜೊಲಾನಾ' ಎಂಬ ಶಬ್ದವನ್ನು ಗಮನಿಸಿರಿ. ಅದು ಇಟಲಿಯ ನೇಪಲ್ಸ್ ಬಳಿಯ ಪೊಜುವೊಲಿ ಎಂಬ ಊರಿನಿಂದ ಬಂದದ್ದು. ಅಲ್ಲಿಯ ಜ್ವಾಲಾಮುಖಿಯ ಬೂದಿಯನ್ನು ಸುಣ್ಣದೊಡನೆ ಕಲಸಿ ರೋಮನ್ನರು ಎರಡು ಸಾವಿರ ವರ್ಷಗಳ ಹಿಂದೆ ಸಮುದ್ರದ ನೀರಿನಲ್ಲೇ ಬಂದರುಗಳನ್ನು ಕಟ್ಟಿದರು.

ನಮ್ಮಲ್ಲಿ ಅಂಥ ಬೂದಿ ಎಲ್ಲಿಂದ ಬರಬೇಕು? ಹಿರಿಯರು ಸುಟ್ಟ ಇಟ್ಟಿಗೆಯನ್ನು ಕುಟ್ಟಿ ಪುಡಿ ಮಾಡಿ ಸುಣ್ಣಕ್ಕೆ ಸೇರಿಸಿದರು. ಅದೇ ಸುರ್ಖಿ. (ಫಾರ್ಸಿಯಲ್ಲಿ ಸುರ್ಖ್ ಎಂದರೆ ಕೆಂಪು, ಉರ್ದು ಬಲ್ಲವರಿಗೆ ಬಿಡಿಸಿ ಹೇಳಬೇಕಾಗಿಲ್ಲ.) 1911ರಲ್ಲಿ ಕೆಲಸ ಆರಂಭವಾದ ಕನ್ನಂಬಾಡಿ ಕಟ್ಟೆಯನ್ನು ಈ ಸುರ್ಖಿ ಗಾರೆಯಿಂದಲೇ ಕಟ್ಟಲಾಯಿತು. ಆಗ ದೇಶದಲ್ಲಿ ಸಿಮೆಂಟ್ ತಯಾರಿಕೆ ಇನ್ನೂ ಬೇರೂರಿರಲಿಲ್ಲ.

ಇದರ ಗುಟ್ಟೇನು? ಸಿಮೆಂಟು ನೀರು ಕುಡಿದು ಗಟ್ಟಿಯಾಗುವಾಗ ಒಂದಿಷ್ಟು ಸುಣ್ಣ ಉಳಿಯುತ್ತದೆ. ನುಣುಪಾದ ಬೂದಿಯ ಸಿಲಿಕಾ ಆ ಸುಣ್ಣದೊಡನೆ ನಿಧಾನವಾಗಿ ಬೆರೆತು ಹೊಸ ಅಂಟು ಕಟ್ಟುತ್ತದೆ. ಮೊದಲ ವಾರಗಳಲ್ಲಿ ಬಲ ಕಡಿಮೆ, ಆಮೇಲೆ ಸರಿಹೋಗುತ್ತದೆ. ಆದ್ದರಿಂದ ಇದಕ್ಕೆ ಹೆಚ್ಚು ದಿನ ನೀರುಣಿಸಬೇಕು. ಮೇಸ್ತ್ರಿಗಳು ತಪ್ಪುವುದು ಇಲ್ಲಿಯೇ, ದೂರು ಮಾತ್ರ ಬೂದಿಯ ಮೇಲೆ! ಕಾವು ಕಡಿಮೆ ಹುಟ್ಟುವುದರಿಂದ ದೊಡ್ಡ ಅಣೆಕಟ್ಟುಗಳಿಗೂ ಇದು ಒಪ್ಪುತ್ತದೆ. ಅಮೆರಿಕದಲ್ಲಿ 1953ರಲ್ಲಿ ಮುಗಿದ ಹಂಗ್ರಿ ಹಾರ್ಸ್ ಅಣೆಕಟ್ಟಿನಲ್ಲಿ ಕಲ್ಲಿದ್ದಲಿನ ಹಾರುಬೂದಿಯನ್ನು ಬಳಸಲಾಗಿತ್ತು.

ನಮ್ಮ ರಾಜ್ಯದಲ್ಲಿ ಈ ಬೂದಿಯ ರಾಶಿ ಬೆಳೆದದ್ದು 1985ರಲ್ಲಿ ರಾಯಚೂರಿನ ಶಕ್ತಿನಗರದ ವಿದ್ಯುತ್ ಸ್ಥಾವರ ಆರಂಭವಾದ ಮೇಲೆ. ನಮ್ಮ ದೇಶದ ಕಲ್ಲಿದ್ದಲು ಸುಟ್ಟರೆ ಸುಮಾರು ಮೂರನೆಯ ಒಂದು ಪಾಲು ಬೂದಿಯೇ. 1999ರ ಸೆಪ್ಟೆಂಬರಿನಲ್ಲಿ ಕೇಂದ್ರ ಸರಕಾರ ಹಾರುಬೂದಿಯ ಬಳಕೆಯನ್ನು ಕಡ್ಡಾಯಗೊಳಿಸುವ ಅಧಿಸೂಚನೆ ಹೊರಡಿಸಿತು. ಭಾರತೀಯ ಮಾನಕದ ಪ್ರಕಾರ ಪೊಜೊಲಾನಾ ಸಿಮೆಂಟಿನಲ್ಲಿ ಶೇ. 15ರಿಂದ 35ರವರೆಗೆ ಹಾರುಬೂದಿ ಇರಬಹುದು.

ಹಾಗಾದರೆ ಕಸ ಸುಟ್ಟ ಬೂದಿ? ಬೆಂಗಳೂರಿನ ಕಸಕ್ಕಾಗಿ ಬಿಡದಿಯಲ್ಲಿ 11.5 ಮೆಗಾವ್ಯಾಟಿನ ಘಟಕ ಎದ್ದಿರುವುದರಿಂದ ಈ ಪ್ರಶ್ನೆ ದೂರದ್ದಲ್ಲ. ಕಲ್ಲಿದ್ದಲು ಒಂದೇ ವಸ್ತು. ಕಸದಲ್ಲಿ ಬ್ಯಾಟರಿ, ಚಪ್ಪಲಿ, ಪ್ಲಾಸ್ಟಿಕ್ ಎಲ್ಲವೂ ಇವೆ. ಅದರ ಬೂದಿಯ ಕ್ಲೋರೈಡ್ ಕಬ್ಬಿಣಕ್ಕೆ ತುಕ್ಕು ಹಿಡಿಸುತ್ತದೆ. ಅಲ್ಯೂಮಿನಿಯಮ್ ಚೂರುಗಳು ಹಸಿ ಸಿಮೆಂಟಿನಲ್ಲಿ ಹೈಡ್ರೋಜನ್ ಬಿಟ್ಟು ಗಾರೆಯನ್ನು ಉಬ್ಬಿಸುತ್ತವೆ. ಚಿಮಣಿಯಲ್ಲಿ ಹಿಡಿದ ಬೂದಿಯಲ್ಲಂತೂ ಸೀಸ, ಕ್ಯಾಡ್ಮಿಯಮ್ ಇರುತ್ತವೆ. ಒಲೆಯ ತಳದ ಬೂದಿ ಅಷ್ಟು ಕೆಟ್ಟದ್ದಲ್ಲ. ನೆದರ್ಲೆಂಡ್ಸ್, ಡೆನ್ಮಾರ್ಕ್‌ಗಳಲ್ಲಿ ಅದರಿಂದ ಲೋಹ ಆರಿಸಿ, ವಾರಗಟ್ಟಲೆ ಹದಗೊಳಿಸಿ, ಹೆಚ್ಚಾಗಿ ರಸ್ತೆಯ ಅಡಿಗೆ ಹಾಕುತ್ತಾರೆ. ಸಿಮೆಂಟಿಗೆ ಬೆರೆಸಬೇಕಾದರೆ ತೊಳೆದು, ನುಣ್ಣಗೆ ಅರೆದು, ಪ್ರತಿ ರಾಶಿಯನ್ನೂ ಪರೀಕ್ಷಿಸಬೇಕು. ಬೀದಿಯಲ್ಲಿ ಸುಟ್ಟ ಕಸದ ಬೂದಿಯಂತೂ ಗಾರೆಗೆ ಸಲ್ಲದು. ಅದರಲ್ಲಿ ಏನಿತ್ತು, ಎಷ್ಟು ಕಾವಿನಲ್ಲಿ ಬೆಂದಿತು ಎಂದು ಹೇಳುವವರೇ ಇಲ್ಲ.