ಗಾರ್ಡನ್ನಿನ ಟೆನ್ನಿಸ್ ಮತ್ತು ಸಿಗರೇಟಿನ ದುಡ್ಡು

ದೀಪಾವಳಿ ಸಮಾರಂಭದ ಊಟದ ಸಾಲಿನಲ್ಲಿ ನಿಂತಿದ್ದಾಗ ನಮ್ಮ ಕೂಟದ ಹಿರಿಯರೊಬ್ಬರು, "ಡಾಕ್ಟ್ರೇ, ಪ್ರತಿ ಸಲವೂ ಕೊಲೆಸ್ಟರಾಲು, ಸಕ್ಕರೆ ಕಾಯಿಲೆ ಅಂತ ಬರೆದು ಹೋಳಿಗೆಯ ರುಚಿ ಕೆಡಿಸ್ತೀರಿ. ಈ ಸಲ ಬೇರೆ ಏನಾದರೂ ಬರೀರಿ" ಎಂದರು. ಟೆನ್ನಿಸ್ ಬಗ್ಗೆ ಬರೆಯುತ್ತೇನೆಂದು ಒಪ್ಪಿಕೊಂಡೆ. ಬರೆಯುತ್ತ ಹೋದಂತೆ ಅದೂ ಶ್ವಾಸಕೋಶದ ಕಡೆಗೇ ತಿರುಗಿತು. ಹಿರಿಯರು ಕ್ಷಮಿಸಬೇಕು.

ನಾನು ರೆಸಿಡೆನ್ಸಿಗೆಂದು ಈ ದೇಶಕ್ಕೆ ಬಂದದ್ದು 1994ರ ಜುಲೈನಲ್ಲಿ. ಆ ನವೆಂಬರಿನಲ್ಲಿ ಜೊತೆಯ ರೆಸಿಡೆಂಟ್ ಒಬ್ಬರಿಗೆ ರಾತ್ರಿ ಕಾಲ್ ಬಿದ್ದು, ಅವರ ಟಿಕೆಟ್ಟು ನನ್ನ ಪಾಲಿಗೆ ಬಂತು. ನೂವಾರ್ಕಿನಲ್ಲಿ ರೈಲು ಹತ್ತಿ ಪೆನ್ ಸ್ಟೇಷನ್ನಿನಲ್ಲಿ ಇಳಿದರೆ ತಲೆಯ ಮೇಲೆಯೇ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್. ಹೆಸರು ಕೇಳಿ ಲಾಲ್‌ಬಾಗಿನಂಥದ್ದೇನೋ ಅಂದುಕೊಂಡಿದ್ದೆ. ನೋಡಿದರೆ ಒಂದು ಎಲೆಯೂ ಇಲ್ಲದ ಒಳಾಂಗಣ! ಅಂದು ನವೆಂಬರ್ 15. ಮಾರ್ಟಿನಾ ನವ್ರಾಟಿಲೋವಾ ತನ್ನ 38ನೆಯ ವಯಸ್ಸಿನಲ್ಲಿ ಸಿಂಗಲ್ಸಿಗೆ ವಿದಾಯ ಹೇಳಲು ಬಂದಿದ್ದಳು. ಮೊದಲ ಸುತ್ತಿನಲ್ಲೇ ಗೇಬ್ರಿಯೆಲಾ ಸಬಾಟಿನಿ ಅವಳನ್ನು 6-4, 6-2ರಲ್ಲಿ ಸೋಲಿಸಿದಳು. ಆಮೇಲೆ ಅವಳ ಹೆಸರಿನ ಪತಾಕೆಯನ್ನು ಛಾವಣಿಗೆ ಏರಿಸಿದಾಗ ಸುತ್ತಲಿದ್ದವರು ಕಣ್ಣೊರೆಸಿಕೊಂಡರು, ನಾನೂ ಅಷ್ಟೆ. ಆದರೆ ಕಣ್ಣು ಒರೆಸಿಕೊಂಡು ಎದುರಿಗೆ ನೋಡಿದರೆ ಎಲ್ಲೆಲ್ಲೂ ಒಂದು ಸಿಗರೇಟಿನ ಹೆಸರು. ಪಂದ್ಯಾವಳಿಯ ಹೆಸರೇ ವರ್ಜೀನಿಯಾ ಸ್ಲಿಮ್ಸ್ ಚಾಂಪಿಯನ್‌ಷಿಪ್ಸ್. ಹಗಲೆಲ್ಲ ವಾರ್ಡಿನಲ್ಲಿ "ಸಿಗರೇಟು ಬಿಡಿ" ಎಂದು ಹೇಳಿ, ಸಂಜೆ ಹೋಗಿ ಅವರ ಹಬ್ಬದಲ್ಲೇ ಚಪ್ಪಾಳೆ ತಟ್ಟಿ ಬಂದಿದ್ದೆ.

ಇದು ಹೇಗಾಯಿತು ಎಂಬುದಕ್ಕೆ 1970ಕ್ಕೆ ಹೋಗಬೇಕು. ಆ ವರ್ಷ ಲಾಸ್ ಏಂಜಲಿಸ್‌ನ ಒಂದು ಪಂದ್ಯಾವಳಿಯಲ್ಲಿ ಗೆದ್ದ ಗಂಡಸಿಗೆ 12,500 ಡಾಲರ್, ಗೆದ್ದ ಹೆಂಗಸಿಗೆ 1,500 ಎಂದು ಪ್ರಕಟವಾಯಿತು. ಇಬ್ಬರೂ ಆಡುವುದು ಅದೇ ಅಂಗಳದಲ್ಲಿ, ಅದೇ ಚೆಂಡಿನಲ್ಲಿ. ಬಿಲ್ಲಿ ಜೀನ್ ಕಿಂಗ್, ರೋಸಿ ಕಸಾಲ್ಸ್, ನ್ಯಾನ್ಸಿ ರಿಚಿ ಮುಂತಾದ ಒಂಬತ್ತು ಮಂದಿ ಆಟಗಾರ್ತಿಯರು ಅದನ್ನು ಧಿಕ್ಕರಿಸಿ ಹ್ಯೂಸ್ಟನ್ನಿಗೆ ಹೋದರು. ಸೆಪ್ಟೆಂಬರ್ 23ರಂದು 'ವರ್ಲ್ಡ್ ಟೆನ್ನಿಸ್' ಪತ್ರಿಕೆಯ ಸಂಪಾದಕಿ ಗ್ಲ್ಯಾಡಿಸ್ ಹೆಲ್ಡ್‌ಮನ್ ಜೊತೆ ತಲಾ ಒಂದು ಡಾಲರಿನ ಕರಾರಿಗೆ ಸಹಿ ಹಾಕಿದರು. ಅಮೆರಿಕದ ಟೆನ್ನಿಸ್ ಸಂಘ ಬಹಿಷ್ಕಾರದ ಬೆದರಿಕೆ ಹಾಕಿತು. ದುಡ್ಡು ಕೊಡುವವರು ಯಾರು? ಹೆಲ್ಡ್‌ಮನ್‌ರ ಸ್ನೇಹಿತ ಜೋ ಕಲ್‌ಮನ್ ಫಿಲಿಪ್ ಮಾರಿಸ್ ಕಂಪನಿಯ ಮುಖ್ಯಸ್ಥರಾಗಿದ್ದರು. ಹೆಂಗಸರಿಗೆಂದೇ 1968ರಲ್ಲಿ ಆ ಕಂಪನಿ ತಂದ ತೆಳು ಸಿಗರೇಟು ವರ್ಜೀನಿಯಾ ಸ್ಲಿಮ್ಸ್. ಹ್ಯೂಸ್ಟನ್ನಿನ 7,500 ಡಾಲರ್ ಬಹುಮಾನದಲ್ಲಿ 2,500 ಅವರದು. ಗೆದ್ದವಳು ಕಸಾಲ್ಸ್.

ಕಂಪನಿಯ ಔದಾರ್ಯಕ್ಕೆ ಇನ್ನೊಂದು ಕಾರಣವೂ ಇತ್ತು. ಟಿವಿ, ರೇಡಿಯೋದಲ್ಲಿ ಸಿಗರೇಟಿನ ಜಾಹೀರಾತು ನಿಷೇಧಿಸುವ ಕಾಯಿದೆಗೆ 1970ರ ಏಪ್ರಿಲಿನಲ್ಲಿ ನಿಕ್ಸನ್ ಸಹಿ ಬಿದ್ದಿತ್ತು. 1971ರ ಜನವರಿ 2ರಿಂದ ಅದು ಜಾರಿಗೆ ಬಂತು. ಹಿಂದಿನ ರಾತ್ರಿ ಹನ್ನೆರಡಕ್ಕೆ ಒಂದು ನಿಮಿಷವಿರುವಾಗ ಬಂದ ಕೊನೆಯ ಜಾಹೀರಾತು ಯಾವುದು ಗೊತ್ತೇ? ವರ್ಜೀನಿಯಾ ಸ್ಲಿಮ್ಸ್! ಅದೇ ತಿಂಗಳು ವರ್ಜೀನಿಯಾ ಸ್ಲಿಮ್ಸ್ ಸರ್ಕ್ಯೂಟ್ ಶುರುವಾಯಿತು. ಜಾಹೀರಾತಿಗೆ ಟಿವಿಯಲ್ಲಿ ಜಾಗವಿಲ್ಲ, ಪಂದ್ಯದ ಹೆಸರು ಹೇಳಬಾರದೆಂದು ಕಾಯಿದೆಯಲ್ಲಿಲ್ಲ. ಮುಂಬಾಗಿಲು ಹಾಕಿದರೆ ಹಿತ್ತಲ ಬಾಗಿಲು!

ಹಾಗೆಂದು ಆ ಒಂಬತ್ತು ಮಂದಿಯನ್ನು ನಾನು ದೂರಲಾರೆ. ಅದೇ 1971ರಲ್ಲಿ ಬಿಲ್ಲಿ ಜೀನ್ ಕಿಂಗ್ ವರ್ಷಕ್ಕೆ ಒಂದು ಲಕ್ಷ ಡಾಲರ್ ಗಳಿಸಿದ ಮೊದಲ ಕ್ರೀಡಾಪಟುವಾದಳು, ಹೆಂಗಸರಲ್ಲಿ. 1973ರಲ್ಲಿ ನಮ್ಮ ಕ್ವೀನ್ಸ್‌ನ ಫಾರೆಸ್ಟ್ ಹಿಲ್ಸ್‌ನಲ್ಲಿ ಯು.ಎಸ್. ಓಪನ್ ಗಂಡಸರಿಗೂ ಹೆಂಗಸರಿಗೂ ಸಮಾನ ಬಹುಮಾನ ಕೊಟ್ಟಿತು. ವಿಂಬಲ್ಡನ್ ಅಷ್ಟಕ್ಕೆ 2007ರವರೆಗೆ ಕಾಯಿಸಿತು. ಸಭ್ಯರೆನಿಸಿಕೊಂಡವರ ಬಾಗಿಲುಗಳು ಮುಚ್ಚಿದ್ದಾಗ ತೆರೆದದ್ದು ಹೊಗೆಯ ಬಾಗಿಲೊಂದೇ.

ವರ್ಷದ ಕೊನೆಯ ಪಂದ್ಯಾವಳಿ 1977ರಲ್ಲಿ ಮೊದಲ ಬಾರಿ ಗಾರ್ಡನ್ನಿಗೆ ಬಂತು. 1979ರಿಂದ 2000ದವರೆಗೆ ಅಲ್ಲೇ ನಿಂತಿತು. ನಡುವೆ ಕೆಲವು ವರ್ಷ ಏವಾನ್ ಎಂಬ ಸೌಂದರ್ಯಸಾಧನದ ಕಂಪನಿಯ ಹೆಸರಿನಲ್ಲಿ ನಡೆದು, 1983ರಲ್ಲಿ ಮತ್ತೆ ಸಿಗರೇಟಿಗೆ ಮರಳಿತು. ಹೆಂಗಸರಿಗೆ ಮೂರು ಸೆಟ್ಟಿಗಿಂತ ಹೆಚ್ಚು ಆಡುವ ಶಕ್ತಿಯಿಲ್ಲ ಎನ್ನುವವರಿಗೆ ಉತ್ತರವೆಂಬಂತೆ 1984ರಿಂದ 1998ರವರೆಗೆ ಇಲ್ಲಿಯ ಫೈನಲ್ ಐದು ಸೆಟ್ಟಿನದು. 1990ರಲ್ಲಿ 16 ವರ್ಷದ ಮೋನಿಕಾ ಸೆಲೆಸ್ ಸಬಾಟಿನಿಯನ್ನು 6-4, 5-7, 3-6, 6-4, 6-2ರಲ್ಲಿ ಸೋಲಿಸಲು ತೆಗೆದುಕೊಂಡದ್ದು 3 ಗಂಟೆ 47 ನಿಮಿಷ. ಹೆಂಗಸರು ಐದನೆಯ ಸೆಟ್ಟಿಗೆ ಹೋದದ್ದು 1901ರ ನಂತರ ಅದೇ ಮೊದಲು. ಆಗ ನಾನು ಮೈಸೂರಿನ ಹಾಸ್ಟೆಲಿನಲ್ಲಿ ಪೆಥಾಲಜಿ ಉರುಹೊಡೆಯುತ್ತಿದ್ದೆ. ಪತ್ರಿಕೆಯಲ್ಲಿ ಅಂಕಗಳನ್ನು ಓದಿ ಮೊದಲು ಮುದ್ರಣದೋಷ ಅಂದುಕೊಂಡೆ.

ಸಿಗರೇಟಿನ ಲೆಕ್ಕ ಮಾತ್ರ ಬೇರೆ ಪುಸ್ತಕದಲ್ಲಿ ಏರುತ್ತಿತ್ತು. 1987ರಲ್ಲಿ ಅಮೆರಿಕದ ಹೆಂಗಸರಲ್ಲಿ ಶ್ವಾಸಕೋಶದ ಕ್ಯಾನ್ಸರಿನ ಸಾವುಗಳು ಸ್ತನ ಕ್ಯಾನ್ಸರಿನ ಸಾವುಗಳನ್ನು ಮೀರಿದವು. ವೈದ್ಯ ಅಲನ್ ಬ್ಲಮ್ ಮತ್ತು ಸಂಗಡಿಗರು 'ಎಂಫಿಸೀಮಾ ಸ್ಲಿಮ್ಸ್' ಎಂಬ ಅಣಕು ಟೆನ್ನಿಸ್ ಪಂದ್ಯ ನಡೆಸಿ ಪ್ರತಿಭಟಿಸಿದರು. 1990ರಲ್ಲಿ ಕೇಂದ್ರ ಆರೋಗ್ಯ ಸಚಿವ ಲೂಯಿಸ್ ಸಲಿವನ್ ಈ ಪ್ರಾಯೋಜಕತ್ವವನ್ನು ಬಹಿರಂಗವಾಗಿ ಖಂಡಿಸಿದರು. ನಾನು ನೋಡಿದ 1994ರ ಪಂದ್ಯಾವಳಿಯೇ ಆ ಹೆಸರಿನ ಕೊನೆಯದು. ಮುಂದೆ ಕಂಪ್ಯೂಟರ್ ಕಂಪನಿ ಬಂತು, ಬ್ಯಾಂಕು ಬಂತು, 2001ರಲ್ಲಿ ಪಂದ್ಯವೇ ಮ್ಯೂನಿಕ್ಕಿಗೆ ಹೋಯಿತು.

ಆ ಚಳಿಗಾಲದಲ್ಲಿ ನನ್ನ ವಾರ್ಡಿನಲ್ಲಿ ಒಬ್ಬ ತಾಯಿ ಇದ್ದರು, ನಿವೃತ್ತ ಶಾಲಾ ಶಿಕ್ಷಕಿ. ಮೂಗಿಗೆ ಆಮ್ಲಜನಕದ ನಳಿಕೆ, ನಾಲ್ಕು ಮಾತಿಗೊಮ್ಮೆ ಉಸಿರು ಹಿಡಿಯಬೇಕು. ನಾನು ಗಾರ್ಡನ್ನಿಗೆ ಹೋಗಿದ್ದೆನೆಂದು ತಿಳಿದು ಅವರ ಮುಖ ಅರಳಿತು. 1977ರಲ್ಲಿ ಅವರೂ ಮಗಳನ್ನು ಕರೆದುಕೊಂಡು ಅಲ್ಲಿಗೆ ಹೋಗಿದ್ದರಂತೆ. ಯಾವ ಸಿಗರೇಟು ಸೇದುತ್ತಿದ್ದಿರಿ ಎಂದು ಕೇಳಿದೆ. "ಅದೇ ಡಾಕ್ಟರ್. ನಮ್ಮ ಹುಡುಗಿಯರಿಗೆ ದುಡ್ಡು ಕೊಟ್ಟವರು ಅವರೊಬ್ಬರೇ ಅಲ್ಲವೇ?" ಎಂದರು. ಅವರ ಧ್ವನಿಯಲ್ಲಿ ಪಶ್ಚಾತ್ತಾಪವಿರಲಿಲ್ಲ. ಉತ್ತರ ಹೊಳೆಯದೆ ನಾನು ಸ್ಟೆತಸ್ಕೋಪ್ ಕಿವಿಗೆ ಹಾಕಿಕೊಂಡೆ.

ನಮ್ಮೂರಿನ ಕಥೆಯೂ ಇದಕ್ಕಿಂತ ದೂರವೇನಿಲ್ಲ. 1996ರ ವಿಶ್ವಕಪ್ ಕ್ರಿಕೆಟ್ಟಿಗೆ ವಿಲ್ಸ್ ಸಿಗರೇಟಿನ ಹೆಸರಿತ್ತು. ಬೆಂಗಳೂರಿನಲ್ಲಿ ಪಾಕಿಸ್ತಾನವನ್ನು ಸೋಲಿಸಿದ್ದನ್ನು ನೆನೆಯುವಾಗ ನಾವ್ಯಾರೂ ಅದನ್ನು ನೆನೆಯುವುದಿಲ್ಲ. 2003ರ ಕಾಯಿದೆ ಅದಕ್ಕೆಲ್ಲ ತಡೆ ಹಾಕಿತು. 2005ರಲ್ಲಿ ಕೋಲ್ಕತ್ತಾಕ್ಕೆ ಮಹಿಳಾ ಟೆನ್ನಿಸ್ ತಂದದ್ದು ಅದೇ ಐ.ಟಿ.ಸಿ. ಕಂಪನಿಯ ಬಿಸ್ಕತ್ತು, ಸನ್‌ಫೀಸ್ಟ್.

ಬೆಂಗಳೂರಿನ ಕಬ್ಬನ್ ಪಾರ್ಕಿನ ಟೆನ್ನಿಸ್ ಅಂಗಳದಲ್ಲಿ 2008ರ ಮಾರ್ಚಿನಲ್ಲಿ ಸೆರೆನಾ ವಿಲಿಯಮ್ಸ್ ಸೆಮಿಫೈನಲಿನಲ್ಲಿ ಅಕ್ಕ ವೀನಸ್‌ಳನ್ನೂ, ಫೈನಲಿನಲ್ಲಿ ಪ್ಯಾಟಿ ಶ್ನೈಡರ್‌ಳನ್ನು 7-5, 6-3ರಲ್ಲೂ ಸೋಲಿಸಿದಳು. ಆ ಸಲದ ಬೆಂಗಳೂರು ಓಪನ್ನಿಗೆ ಹೆಸರು ಕೊಟ್ಟದ್ದು ಕೆನರಾ ಬ್ಯಾಂಕು. ಅದನ್ನು 1906ರಲ್ಲಿ ಮಂಗಳೂರಿನಲ್ಲಿ ಕಟ್ಟಿದ ಅಮ್ಮೆಂಬಳ ಸುಬ್ಬರಾವ್ ಪೈಗಳು ಅದಕ್ಕೂ ಹನ್ನೆರಡು ವರ್ಷ ಮೊದಲೇ ಅದೇ ಊರಿನಲ್ಲಿ ಹೆಣ್ಣುಮಕ್ಕಳಿಗೆ ಒಂದು ಶಾಲೆ ತೆರೆದಿದ್ದರು.