ಮೂಡಗಾಳಿಯ ದುಡಿಮೆ



ದೀಪಾವಳಿ ಮುಗಿಯಿತೆಂದರೆ ನಮ್ಮ ಯಡ್ರಾವದಲ್ಲಿ ಗಾಳಿ ದಿಕ್ಕು ಬದಲಿಸುತ್ತದೆ. ಮಳೆಗಾಲದಲ್ಲಿ ಸಹ್ಯಾದ್ರಿ ದಾಟಿ ಪಡುವಣದಿಂದ ಬೀಸಿದ್ದು ಈಗ ಮೂಡಣದಿಂದ, ಈಶಾನ್ಯದಿಂದ ಬೀಸುತ್ತದೆ. ನಾವು ಮೂಡಗಾಳಿ ಎನ್ನುತ್ತೇವೆ, ಮರಾಠಿ ನೆರೆಯವರು ಗಾರ ವಾರಾ ಎನ್ನುತ್ತಾರೆ. ಚಳಿಗಾಲದಲ್ಲಿ ಉತ್ತರದ ನೆಲ ತಣ್ಣಗಾಗಿ ಅಲ್ಲಿಯ ಭಾರವಾದ ಗಾಳಿ ಸಮುದ್ರದ ಕಡೆ ಹರಿಯುತ್ತದೆ. ಬಂಗಾಳ ಕೊಲ್ಲಿಯ ಮೇಲೆ ಹಾದ ಗಾಳಿ ತಮಿಳುನಾಡಿಗೆ ಮಳೆ ಕೊಡುತ್ತದೆ; ದಖ್ಖನಿನ ನೆಲದ ಮೇಲೆ ಹಾದು ಬಂದದ್ದು ಒಣಗಿಯೇ ಬರುತ್ತದೆ. ನಮ್ಮ ತುಟಿ ಒಡೆಯುವುದು, ಹಿಮ್ಮಡಿ ಸೀಳುವುದು ಅದಕ್ಕೇ. ಎಲ್ಲರೂ ಬಯ್ಯುವ ಈ ಗಾಳಿ ಕೂಲಿ ಕೇಳದೆ ದುಡಿದ ಆಳು ಎಂಬುದನ್ನು ಈಗಿನ ಹುಡುಗರು ನಂಬಲಿಕ್ಕಿಲ್ಲ.

ನಾನು ಚಿಕ್ಕವನಿದ್ದಾಗ ಹಿಂಗಾರಿ ಬಿಳಿಜೋಳವೇ ನಮ್ಮ ಮನೆಯ ಅನ್ನ. ಎರೆ ನೆಲ ಹಿಡಿದಿಟ್ಟ ಹಸಿಯ ಮೇಲೆಯೇ ಅದು ಬೆಳೆಯುತ್ತಿತ್ತು. ಪುಷ್ಯದಲ್ಲಿ ಸೀತನಿ ಸುಡುತ್ತಿದ್ದೆವು, ಮರಾಠಿಯವರ ಹುರಡಾ ಅದೇ. ಆಮೇಲೆ ಕಣ. ಸಗಣಿಯಿಂದ ಸಾರಿಸಿದ ನೆಲ, ನಡುವೆ ಮೇಟಿ, ಅದರ ಸುತ್ತ ಎತ್ತುಗಳ ಹಂತಿ. ತುಳಿಸಿದ್ದನ್ನು ತೂರಲು ಮಾತ್ರ ಗಾಳಿಯೇ ಬೇಕು. ಗಾಳಿ ನಿಂತರೆ ಅಪ್ಪ ಮೊರ ಕೆಳಗಿಟ್ಟು ಕೂರುತ್ತಿದ್ದ; ನಡುರಾತ್ರಿ ಅದು ಎದ್ದರೆ ನಮ್ಮನ್ನೂ ಎಬ್ಬಿಸುತ್ತಿದ್ದ. ಕಾಳು ಅವನ ಕಾಲಬುಡಕ್ಕೆ, ಹೊಟ್ಟು ಪಡುವಣಕ್ಕೆ. 1972ರ ಬರದ ವರ್ಷವೂ ಗಾಳಿ ಬಂತು, ಆದರೆ ತೂರಲು ನಮ್ಮ ಕಣದಲ್ಲಿ ರಾಶಿಯಿರಲಿಲ್ಲ.

ಪಕ್ಕದ ಇಚಲಕರಂಜಿಯಲ್ಲಿ ಇದೇ ಗಾಳಿ ವೈರಿ. 1904ರಲ್ಲಿ ವಿಠ್ಠಲರಾವ ದಾತಾರರು ಅಲ್ಲಿ ಮೊದಲ ವಿದ್ಯುತ್ ಮಗ್ಗ ಹೂಡಿದರು; ಸಂಸ್ಥಾನದ ನಾರಾಯಣರಾವ ಘೋರ್ಪಡೆಯವರ ಆಸರೆಯಿತ್ತು. ಹತ್ತಿಯ ನೂಲಿಗೆ ತೇವ ಬೇಕು. ಒಣ ಗಾಳಿಗೆ ಹಾಸಿನ ಎಳೆ ಪಟಪಟ ಹರಿಯುತ್ತದೆ, ಮಗ್ಗ ನಿಲ್ಲುತ್ತದೆ. ಮೀಟರಿನ ಲೆಕ್ಕದಲ್ಲಿ ಕೂಲಿ ಪಡೆಯುವವನಿಗೆ ನಿಂತ ಮಗ್ಗವೆಂದರೆ ಹೋದ ದುಡ್ಡು. ಅದಕ್ಕೇ ಕಿಟಕಿ ಮುಚ್ಚಿ, ನೆಲಕ್ಕೆ ನೀರು ಚಿಮುಕಿಸಿ ನೇಯುತ್ತಾರೆ.

ಕಬ್ಬಿಗೆ ಮಾತ್ರ ಅದು ನೆಂಟ. ರಾತ್ರಿಯ ಚಳಿಗೆ ಬೆಳವಣಿಗೆ ನಿಧಾನವಾಗಿ, ಎಲೆ ಮಾಡಿದ ಸಕ್ಕರೆ ಜಲ್ಲೆಯಲ್ಲೇ ಉಳಿಯುತ್ತದೆ. 1950ರ ದಶಕದಲ್ಲಿ ರತ್ನಾಪ್ಪಣ್ಣ ಕುಂಭಾರರು ಪಂಚಗಂಗಾ ಸಹಕಾರಿ ಸಕ್ಕರೆ ಕಾರ್ಖಾನೆ ಕಟ್ಟಿದ ಮೇಲೆ ಸುತ್ತಲಿನ ಹೊಲಗಳ ಚಹರೆಯೇ ಬದಲಾಯಿತು. ನಾನು ಬ್ಯಾಂಕಿನಲ್ಲಿ ಬೆಳೆಸಾಲದ ಲೆಜರ್ ಬರೆಯುತ್ತಿದ್ದವನು. ಕಬ್ಬಿನ ಪುಟಗಳು ದಪ್ಪವಾದವು, ಜೋಳಕ್ಕೆ ಸಾಲ ಕೇಳುವವರು ಬರುವುದೇ ನಿಂತಿತು. ಸಾಲ ಮಂಜೂರಾಗಲಿ ಎಂದು ನಾನೂ ಕಬ್ಬನ್ನೇ ಬರೆಸಿದ್ದೇನೆ, ಸುಳ್ಳೇಕೆ ಹೇಳಲಿ.

ಈಗಲೂ ಒಬ್ಬಿಬ್ಬರು ರೊಟ್ಟಿಗೂ ಕಣಿಕೆಗೂ ಎಂದು ಜೋಳ ಬಿತ್ತುತ್ತಾರೆ. ಮಷಿನ್ ಬಂದು ತಾಸಿನೊಳಗೆ ರಾಶಿ ಮುಗಿಸುತ್ತದೆ, ಗಾಳಿಗಾಗಿ ಕಾಯುವಂತಿಲ್ಲ. ಆದರೂ ಮಷಿನ್ನಿನವನು ಇಳಿದು ಒಂದು ಹಿಡಿ ಮಣ್ಣು ತೂರಿ ನೋಡಿ, ಹೊಟ್ಟಿನ ಬಾಯಿ ಪಡುವಣಕ್ಕೆ ತಿರುಗಿಸಿಯೇ ನಿಲ್ಲಿಸುತ್ತಾನೆ.